ಜೂಲಿಯಸ್ ಸೀಸರ್: ರುದ್ರನಾಟಕದಲ್ಲಿ ರಾಜಕೀಯ ದ್ರೋಹ ಮತ್ತು ಮಾತಿನ ಬಲ

ಜೂಲಿಯಸ್ ಸೀಸರ್: ಇಂಗ್ಲಿಷ್ ನಾಟಕಕಾರ ವಿಲಿಯಂ ಶೇಕ್ಸ್‌ಪಿಯರ್ (1564–1616) ರಚಿಸಿದ ಐದಂಕದ ರುದ್ರನಾಟಕ. ಕ್ರಿ.ಪೂ. 44ರ ಮಾರ್ಚ್ 15ರಂದು ರೋಮಿನಲ್ಲಿ ನಡೆದ ಜೂಲಿಯಸ್ ಸೀಸರನ ಕೊಲೆ, ಅದರ ಹಿಂದಿನ ಪಿತೂರಿ ಮತ್ತು ಅದರ ಬೆನ್ನಿಗೇ ಎದ್ದ ಅಂತರ್ಯುದ್ಧ ಇದರ ವಸ್ತು. ಆಪ್ತರೇ ಕತ್ತಿ ಎತ್ತುವ ರಾಜಕೀಯ ದ್ರೋಹ ಮತ್ತು ಜನರ ಮನಸ್ಸನ್ನು ತಿರುಗಿಸುವ ಭಾಷಣಕಲೆ, ಇವೆರಡನ್ನೂ ಒಂದೇ ಹೆಣಿಗೆಯಲ್ಲಿ ತಂದ ಕೃತಿಯೆಂದು ಇದು ಜಗತ್ತಿನ ರಂಗಭೂಮಿಯಲ್ಲಿ ವಿಶಿಷ್ಟ ಸ್ಥಾನ ಪಡೆದಿದೆ. ನಾಟಕದಲ್ಲಿ ಸೀಸರನ ಮೇಲೆ ಕತ್ತಿ ಬೀಳುವುದು ಕೆಲವೇ ಕ್ಷಣಗಳ ಕೆಲಸ; ಅದಕ್ಕೆ ಹಿಂದಿನದನ್ನೂ ಮುಂದಿನದನ್ನೂ ತೀರ್ಮಾನಿಸುವುದು ಮಾತು. ಇಲ್ಲಿ ಪ್ರತಿಯೊಂದು ದ್ರೋಹಕ್ಕೂ ಮೊದಲು ಯಾರೋ ಒಬ್ಬರು ಇನ್ನೊಬ್ಬರನ್ನು ಮಾತಿನಿಂದ ಒಪ್ಪಿಸಿರುತ್ತಾರೆ. ಎಲ್ಲಕ್ಕಿಂತ ಭೀಕರವಾದ ದ್ರೋಹಕ್ಕೆ ಮೊದಲು ಒಬ್ಬ ಸಜ್ಜನ ತನ್ನನ್ನು ತಾನೇ ಒಪ್ಪಿಸಿಕೊಂಡಿರುತ್ತಾನೆ.

ರಚನೆ ಮತ್ತು ಕಾಲ

ನಾಟಕ ರಚನೆಯಾದದ್ದು 1599ರಲ್ಲಿ. ಅದೇ ವರ್ಷ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ಗ್ಲೋಬ್ ರಂಗಮಂದಿರ ತಲೆಯೆತ್ತಿತು. ಸ್ವಿಟ್ಜರ್ಲೆಂಡಿನ ಪ್ರವಾಸಿ ಥಾಮಸ್ ಪ್ಲಾಟರ್ 1599ರ ಸೆಪ್ಟೆಂಬರ್ 21ರಂದು ಮಧ್ಯಾಹ್ನದ ಊಟ ಮುಗಿಸಿ ನದಿ ದಾಟಿ, ಹುಲ್ಲು ಹೊದಿಸಿದ ರಂಗಮಂದಿರವೊಂದರಲ್ಲಿ ಸೀಸರನ ದುರಂತ ನಾಟಕ ನೋಡಿದೆನೆಂದೂ ಸುಮಾರು ಹದಿನೈದು ಪಾತ್ರಧಾರಿಗಳಿದ್ದರೆಂದೂ ಕೊನೆಯಲ್ಲಿ ಕುಣಿತವಿತ್ತೆಂದೂ ಬರೆದಿಟ್ಟಿದ್ದಾನೆ. ಅವನು ಕಂಡದ್ದು ಗ್ಲೋಬಿನ ಈ ಪ್ರಯೋಗವನ್ನೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನಾಟಕ ಮೊದಲ ಬಾರಿಗೆ ಅಚ್ಚಾದದ್ದು ಕವಿ ತೀರಿಕೊಂಡ ಏಳು ವರ್ಷಗಳ ಮೇಲೆ, 1623ರ ಮೊದಲ ಫೋಲಿಯೊ ಸಂಪುಟದಲ್ಲಿ.

ಆ ಹೊತ್ತಿನ ಇಂಗ್ಲೆಂಡಿಗೆ ರಾಜಹತ್ಯೆ ದೂರದ ಸಂಗತಿಯಾಗಿರಲಿಲ್ಲ. ರಾಣಿ ಎಲಿಜಬೆತ್‌ಳಿಗೆ ಅರವತ್ತಾರು ವರ್ಷ. ಮಕ್ಕಳಿಲ್ಲ, ಉತ್ತರಾಧಿಕಾರಿಯನ್ನು ಹೆಸರಿಸಿರಲಿಲ್ಲ. 1570ರಲ್ಲಿ ಪೋಪ್ ಅವಳನ್ನು ಧರ್ಮಬಾಹಿರಳೆಂದು ಸಾರಿದ್ದ. 1586ರಲ್ಲಿ ಅವಳನ್ನು ಕೊಲ್ಲಲು ಹೂಡಿದ ಬಾಬಿಂಗ್ಟನ್ ಪಿತೂರಿ ಬಯಲಾಗಿತ್ತು. 1599ರ ಜೂನ್‌ನಲ್ಲಿ ಬಿಷಪ್ಪರು ವಿಡಂಬನ ಕೃತಿಗಳ ಮುದ್ರಣವನ್ನು ತಡೆದು, ಇಂಗ್ಲೆಂಡಿನ ಇತಿಹಾಸ ಕುರಿತ ಪುಸ್ತಕಗಳಿಗೆ ವಿಶೇಷ ಅನುಮತಿ ಬೇಕೆಂದು ಆಜ್ಞೆ ಹೊರಡಿಸಿದ್ದರು. ಅಧಿಕಾರದಲ್ಲಿರುವವರನ್ನು ಕೊಲ್ಲುವುದು ಎಂದಾದರೂ ನ್ಯಾಯವೇ ಎಂಬ ಪ್ರಶ್ನೆಯನ್ನು ಲಂಡನ್ನಿನ ರಂಗದ ಮೇಲೆ ಎತ್ತುವುದಕ್ಕೆ ಪ್ರಾಚೀನ ರೋಮ್ ಸುರಕ್ಷಿತ ಅಂತರ ಒದಗಿಸಿತು.

ಆಕರಗಳು ಮತ್ತು ಇತಿಹಾಸದಿಂದ ಬೇರೆಯಾದ ಅಂಶಗಳು

ನಾಟಕದ ಮುಖ್ಯ ಆಕರ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದ ಸೀಸರ್, ಬ್ರೂಟಸ್ ಮತ್ತು ಆಂಟನಿಯರ ಜೀವನ ಚರಿತ್ರೆಗಳು. ಜಾಕ್ ಅಮ್ಯೋ 1559ರಲ್ಲಿ ಇವನ್ನು ಫ್ರೆಂಚಿಗೆ ತಂದಿದ್ದ. ಆ ಫ್ರೆಂಚ್ ಅನುವಾದದಿಂದ ಸರ್ ಥಾಮಸ್ ನಾರ್ತ್ 1579ರಲ್ಲಿ ಇಂಗ್ಲಿಷಿಗೆ ತಂದ. ಶೇಕ್ಸ್‌ಪಿಯರ್ ಓದಿದ್ದು ನಾರ್ತ್‌ನ ಪುಸ್ತಕ.

ಇತಿಹಾಸದಲ್ಲಿ ತಿಂಗಳು, ವರ್ಷಗಳ ಅಂತರದಲ್ಲಿ ನಡೆದುದನ್ನು ನಾಟಕಕಾರ ಹತ್ತಿರ ಹತ್ತಿರಕ್ಕೆ ಎಳೆದಿದ್ದಾನೆ. ತನ್ನ ಎದುರಾಳಿಯಾಗಿದ್ದ ಪಾಂಪೆಯ ಮಕ್ಕಳನ್ನು ಗೆದ್ದ ಸೀಸರನ ವಿಜಯೋತ್ಸವ ಕ್ರಿ.ಪೂ. 45ರ ಅಕ್ಟೋಬರಿನದು, ಲೂಪರ್ಕಾಲಿಯ ಹಬ್ಬ ಮರುವರ್ಷದ ಫೆಬ್ರವರಿಯದು. ನಾಟಕದಲ್ಲಿ ಎರಡೂ ಒಂದೇ ದಿನ. ಕೊಲೆ ನಡೆದದ್ದು ಪಾಂಪೆ ಕಟ್ಟಿಸಿದ ಸಭಾಭವನದಲ್ಲಿ. ನಾಟಕ ಅದನ್ನು ಕ್ಯಾಪಿಟಲಿಗೆ ತರುತ್ತದೆ. ಶವಸಂಸ್ಕಾರ ನಡೆದದ್ದು ಕೆಲವು ದಿನಗಳ ಮೇಲೆ. ನಾಟಕದಲ್ಲಿ ನೆತ್ತರು ಆರುವ ಮೊದಲೇ ಭಾಷಣಗಳು ಶುರುವಾಗುತ್ತವೆ. ಫಿಲಿಪ್ಪಿಯಲ್ಲಿ ಕ್ರಿ.ಪೂ. 42ರ ಅಕ್ಟೋಬರಿನಲ್ಲಿ ಕೆಲವು ವಾರಗಳ ಅಂತರದಲ್ಲಿ ನಡೆದ ಎರಡು ಕಾಳಗಗಳು ಒಂದೇ ದಿನದ್ದಾಗುತ್ತವೆ. ಪ್ಲುಟಾರ್ಕ್ ಹೇಳುವ 23 ಗಾಯಗಳು ನಾಟಕದಲ್ಲಿ 33 ಆಗಿವೆ. ರೋಮನ್ ಲೇಖಕ ಸ್ವೆಟೋನಿಯಸ್ ಅರವತ್ತಕ್ಕೂ ಹೆಚ್ಚು ಮಂದಿ ಪಿತೂರಿಗಾರರಿದ್ದರೆಂದರೆ, ರಂಗದ ಮೇಲೆ ಬರುವವರು ಬೆರಳೆಣಿಕೆಯವರು.

ಇತಿಹಾಸದ ದ್ರೋಹ ನಾಟಕದ್ದಕ್ಕಿಂತಲೂ ಆಳವಾದುದು. ಪಿತೂರಿಯ ಮುಂದಾಳುಗಳಾದ ಬ್ರೂಟಸ್, ಕ್ಯಾಸಿಯಸ್ ಇಬ್ಬರೂ ಹಿಂದಿನ ಅಂತರ್ಯುದ್ಧದಲ್ಲಿ ಪಾಂಪೆಯ ಕಡೆಯಿದ್ದವರು. ಸೀಸರ್ ಇಬ್ಬರನ್ನೂ ಕ್ಷಮಿಸಿ ಪದವಿ ಕೊಟ್ಟಿದ್ದ. ಕೊಲೆಯ ವರ್ಷ ಇಬ್ಬರೂ ಪ್ರೀಟರ್ ಎಂಬ ಉನ್ನತ ನ್ಯಾಯಾಧಿಕಾರಿ ಹುದ್ದೆಯಲ್ಲಿದ್ದರು. ಕೊಲೆಯ ದಿನ ಸೀಸರನನ್ನು ಮನೆಯಿಂದ ಕರೆತಂದ ಡೆಸಿಮಸ್ ಬ್ರೂಟಸ್‌ನ ಹೆಸರು ಸೀಸರನ ಉಯಿಲಿನಲ್ಲೇ ಎರಡನೆಯ ಸಾಲಿನ ವಾರಸುದಾರನಾಗಿ ಇತ್ತು. ನಾಟಕದಲ್ಲಿ ಡೀಸಿಯಸ್ ಎಂಬ ಹೆಸರಿನಿಂದ ಬರುವವನು ಇವನೇ. ಸೀಸರನ ಕೊನೆಯುಸಿರಿನದೆಂದು ಜಗತ್ತು ನಂಬಿರುವ ‘ಎಟ್ ಟು, ಬ್ರೂಟೆ?’ (ನೀನೂ, ಬ್ರೂಟಸ್?) ಎಂಬ ಪ್ರಸಿದ್ಧ ಲ್ಯಾಟಿನ್ ಉದ್ಗಾರ ಪ್ರಾಚೀನ ಇತಿಹಾಸಕಾರರಲ್ಲಿ ಆ ರೂಪದಲ್ಲಿ ಇಲ್ಲ; ಅದು ಈ ನಾಟಕಕ್ಕೂ ಮೊದಲೇ ಇಂಗ್ಲಿಷ್ ರಂಗಭೂಮಿಯಲ್ಲಿ ಬಳಕೆಯಲ್ಲಿತ್ತು.

ಕಥಾಸಾರ

ಪಾಂಪೆಯ ಮಕ್ಕಳನ್ನು ಸೋಲಿಸಿ ಬಂದ ಸೀಸರನನ್ನು ನೋಡಲು ರೋಮಿನ ದುಡಿಮೆಗಾರರು ಬೀದಿಗಿಳಿದಿದ್ದಾರೆ. ಅವನಿಗೆ ಮೂರು ಸಲ ಕಿರೀಟ ಒಡ್ಡಲಾಗುತ್ತದೆ. ಮೂರು ಸಲವೂ ಅವನು ಬದಿಗೆ ಸರಿಸುತ್ತಾನೆ. ಅವನು ದೊರೆಯಾದಾನೆಂಬ ಭಯದಿಂದ ಕ್ಯಾಸಿಯಸ್ ಪಿತೂರಿ ಹೂಡಿ, ಸೀಸರನ ಗೆಳೆಯನೂ ಸತ್ಯಸಂಧನೆಂದು ಹೆಸರಾದವನೂ ಆದ ಬ್ರೂಟಸ್‌ನನ್ನು ಅದಕ್ಕೆ ಸೆಳೆಯುತ್ತಾನೆ. ಮಾರ್ಚ್ ನಡುವಿನ ದಿನದ ಬಗ್ಗೆ ಕಣಿ ಹೇಳುವವನು ಕೊಟ್ಟ ಎಚ್ಚರಿಕೆ, ಹೆಂಡತಿ ಕಲ್ಪೂರ್ನಿಯಾ ಕಂಡ ಕೆಟ್ಟ ಕನಸು, ಆರ್ಟೆಮಿಡೋರಸ್ ಮುಂದೊಡ್ಡಿದ ಎಚ್ಚರಿಕೆಯ ಪತ್ರ ಯಾವುದೂ ಸೀಸರನನ್ನು ತಡೆಯುವುದಿಲ್ಲ. ಗಡೀಪಾರಾದ ಸಹೋದರನಿಗಾಗಿ ಮೆಟೆಲಸ್ ಸಿಂಬರ್ ಮೊರೆಯಿಡುವ ನೆಪದಲ್ಲಿ ಪಿತೂರಿಗಾರರು ಸೀಸರನನ್ನು ಸುತ್ತುವರಿಯುತ್ತಾರೆ. ಮೊದಲ ಏಟು ಕಾಸ್ಕನದು, ಕೊನೆಯದು ಬ್ರೂಟಸ್‌ನದು. ನಂತರ ಬ್ರೂಟಸ್ ಮತ್ತು ಸೀಸರನ ಆಪ್ತ ಆಂಟನಿ ಮಾಡುವ ಶವಸಂಸ್ಕಾರದ ಭಾಷಣಗಳಿಂದ ರೋಮ್ ಹೊತ್ತಿ ಉರಿಯುತ್ತದೆ. ಆಂಟನಿ, ಆಕ್ಟೇವಿಯಸ್, ಲೆಪಿಡಸ್ ಅಧಿಕಾರ ಹಿಡಿಯುತ್ತಾರೆ. ಫಿಲಿಪ್ಪಿಯ ಕಾಳಗದಲ್ಲಿ, ಗೆಳೆಯ ಸೆರೆಸಿಕ್ಕನೆಂಬ ತಪ್ಪು ಸುದ್ದಿ ನಂಬಿ ಕ್ಯಾಸಿಯಸ್ ತನ್ನ ಹುಟ್ಟುಹಬ್ಬದ ದಿನವೇ ಸೇವಕನ ಕೈಯಿಂದ ಸಾಯುತ್ತಾನೆ. ಬ್ರೂಟಸ್ ಕತ್ತಿಯ ಮೇಲೆ ಬಿದ್ದು ಪ್ರಾಣ ಬಿಡುತ್ತಾನೆ.

ನಾಟಕದ ಹೆಸರು ಸೀಸರನದಾದರೂ ಅವನು ಸಾಯುವುದು ನಡುವಣ ಅಂಕದ ಮೊದಲ ದೃಶ್ಯದಲ್ಲಿ. ಬ್ರೂಟಸ್ ಆಡುವ ಮಾತು ಸೀಸರನ ಮಾತಿನ ನಾಲ್ಕು ಪಟ್ಟಿಗೂ ಹೆಚ್ಚು. ಹಾಗಾಗಿ ದುರಂತನಾಯಕ ಯಾರೆಂಬ ಚರ್ಚೆ ವಿಮರ್ಶೆಯಲ್ಲಿ ಮುಗಿದಿಲ್ಲ. ಬದುಕಿರುವಾಗ ಜ್ವರ, ಮೂರ್ಛೆ, ಒಂದು ಕಿವಿಯ ಕಿವುಡುಗಳಿಂದ ಕುಗ್ಗಿದಂತೆ ಕಾಣುವ ಸೀಸರ್ ಸತ್ತ ಮೇಲೆ ಹೆಸರಾಗಿ, ಪ್ರೇತವಾಗಿ ಇಡೀ ನಾಟಕವನ್ನು ಆಳುತ್ತಾನೆ.

ದ್ರೋಹಕ್ಕೆ ದಾರಿ ಮಾಡುವ ಮಾತು

ರೋಮಿನ ಸಾರ್ವಜನಿಕ ಚೌಕವಾದ ಫೋರಮಿನಲ್ಲಿ ನಡೆಯುವ ಶವಸಂಸ್ಕಾರದ ಭಾಷಣಗಳ ಖ್ಯಾತಿಯಿಂದಾಗಿ ಮೊದಲೆರಡು ಅಂಕಗಳ ಖಾಸಗಿ ಮಾತುಗಳು ಓದುಗರ ಗಮನದಿಂದ ಜಾರುವುದುಂಟು. ದ್ರೋಹ ಹುಟ್ಟುವುದು ಅಲ್ಲಿ.

ಕ್ಯಾಸಿಯಸ್ ಬ್ರೂಟಸ್‌ನನ್ನು ಸೆಳೆಯುವಾಗ ಸೀಸರನ ಆಡಳಿತದ ತಪ್ಪುಗಳನ್ನು ಪಟ್ಟಿ ಮಾಡುವುದಿಲ್ಲ. ಟೈಬರ್ ನದಿಯಲ್ಲಿ ಈಜುಪಂದ್ಯದಲ್ಲಿ ಮುಳುಗುತ್ತಿದ್ದ ಸೀಸರನನ್ನು ತಾನು ಹೊತ್ತು ತಂದುದನ್ನೂ ಸ್ಪೇನಿನಲ್ಲಿ ಜ್ವರ ಬಂದು ಅವನು ನಡುಗಿದುದನ್ನೂ ಹೇಳುತ್ತಾನೆ. ಇಷ್ಟು ದುರ್ಬಲನಾದವನು ನಮಗಿಂತ ಮೇಲೇರಬಹುದೇ ಎಂಬ ಅಸೂಯೆ ಅದರೊಳಗಿದೆ. ಆ ಅಸೂಯೆಗೆ ಅವನು ತೊಡಿಸುವ ವೇಷ ಸ್ವಾತಂತ್ರ್ಯದ್ದು. ಬ್ರೂಟಸ್ ತನ್ನನ್ನು ತಾನು ಕಾಣುವಂತೆ ನಾನೇ ಕನ್ನಡಿಯಾಗುವೆನೆಂದು ಹೇಳಿ, ಕ್ರಿ.ಪೂ. 509ರಲ್ಲಿ ಟಾರ್ಕ್ವಿನ್ ದೊರೆಯನ್ನು ಓಡಿಸಿದ ವಂಶಜ್ಯೇಷ್ಠ ಬ್ರೂಟಸ್‌ನನ್ನು ನೆನಪಿಸುತ್ತಾನೆ. ಆಮೇಲೆ ಬೇರೆ ಬೇರೆ ಕೈಬರಹದಲ್ಲಿ ನಾಗರಿಕರು ಬರೆದಂತೆ ಕಾಣುವ ಪತ್ರಗಳನ್ನು ಅವನ ಕಿಟಕಿಯಿಂದ ಒಳಗೆ ಎಸೆಸುತ್ತಾನೆ. ಬ್ರೂಟಸ್ ಅವನ್ನು ರೋಮಿನ ಜನರ ಕೂಗೆಂದು ನಂಬುತ್ತಾನೆ. ಇಲ್ಲದ ಜನಾಭಿಪ್ರಾಯವನ್ನು ಸೃಷ್ಟಿಸಿ ಪ್ರಾಮಾಣಿಕನನ್ನು ಮೋಸಗೊಳಿಸುವ ತಂತ್ರವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ನಾಟಕಗಳು ವಿರಳ.

ಕ್ಯಾಸಿಯಸ್ ಶುರು ಮಾಡಿದ್ದನ್ನು ಬ್ರೂಟಸ್ ತಾನೇ ಮುಗಿಸುತ್ತಾನೆ. ನಡುರಾತ್ರಿ ತೋಟದಲ್ಲಿ ಅವನು ಆಡುವ ಸ್ವಗತ ಈ ನಾಟಕದ ನೈತಿಕ ತಿರುಳು. ಅಲ್ಲಿ ತೀರ್ಮಾನ ಮೊದಲು ಬರುತ್ತದೆ, ಕಾರಣಗಳು ಆಮೇಲೆ. ಸೀಸರ್ ಸಾಯಲೇಬೇಕೆಂದು ಶುರುಮಾಡಿ, ಅವನ ಮೇಲೆ ತನಗೆ ಸ್ವಂತ ದೂರಿಲ್ಲವೆಂದೂ ಇದುವರೆಗೆ ಅವನು ವಿವೇಕ ಮೀರಿ ನಡೆದದ್ದನ್ನು ಕಂಡಿಲ್ಲವೆಂದೂ ಬ್ರೂಟಸ್ ಒಪ್ಪಿಕೊಳ್ಳುತ್ತಾನೆ. ಮಾಡಿದ ತಪ್ಪು ಸಿಗದಿರುವುದರಿಂದ ಮುಂದೆ ಮಾಡಬಹುದಾದ ತಪ್ಪಿನ ಮೇಲೆ ವಾದ ಕಟ್ಟುತ್ತಾನೆ: ಹಾವಿನ ಮೊಟ್ಟೆಯನ್ನು ಮರಿಯಾಗುವ ಮುನ್ನವೇ ಒಡೆಯಬೇಕು. ಸುಳ್ಳು ಹೇಳಲಾರದ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸುಳ್ಳು ಇದು. ಮುಂದೆ ಅವನು ಕೊಲೆಗೆ ಬಲಿದಾನವೆಂಬ ಹೆಸರಿಟ್ಟು, ತಾವು ಕಟುಕರಲ್ಲ, ಯಜ್ಞ ಮಾಡುವವರು ಎಂದು ಜೊತೆಗಾರರಿಗೂ ನಂಬಿಸುತ್ತಾನೆ. ಆಂಟನಿಯನ್ನು ಕೊಲ್ಲಬಾರದೆಂದು ಅವನು ಹಟ ಹಿಡಿಯುವುದೂ ಇದೇ ಕಲ್ಪನೆಯ ಫಲ.

ಮೂರನೆಯ ನಿದರ್ಶನ ಡೀಸಿಯಸ್. ಸೀಸರನ ವಿಗ್ರಹದಿಂದ ರಕ್ತ ಚಿಮ್ಮಿದಂತೆಯೂ ರೋಮನ್ನರು ನಗುತ್ತ ಅದರಲ್ಲಿ ಕೈ ತೊಳೆದಂತೆಯೂ ಕಲ್ಪೂರ್ನಿಯಾ ಕನಸು ಕಂಡಿದ್ದಾಳೆ. ಹೋಗಬೇಡವೆಂದು ಆಕೆ ಮಂಡಿಯೂರಿ ಬೇಡಿದ್ದಾಳೆ, ಸೀಸರ್ ಒಪ್ಪಿಯೂ ಇದ್ದಾನೆ. ಡೀಸಿಯಸ್ ಕನಸಿನ ಒಂದು ವಿವರವನ್ನೂ ಅಲ್ಲಗಳೆಯದೆ ಅದರ ಅರ್ಥವನ್ನು ಮಾತ್ರ ತಿರುಗಿಸುತ್ತಾನೆ: ಆ ರಕ್ತದಿಂದ ರೋಮ್ ಪುನಶ್ಚೇತನ ಪಡೆಯುತ್ತದೆ. ಜೊತೆಗೆ, ಇಂದು ಸೆನೆಟ್ ಕಿರೀಟ ಕೊಡಲಿದೆ, ಹೆಂಡತಿಯ ಕನಸಿಗೆ ಹೆದರಿದನೆಂದು ಜನ ನಕ್ಕಾರು ಎಂದು ಸೇರಿಸುತ್ತಾನೆ. ಆಸೆ, ನಾಚಿಕೆ ಎರಡನ್ನೂ ಒಮ್ಮೆಗೇ ಮುಟ್ಟಿದ ಈ ಮಾತು ಸೀಸರನನ್ನು ಸಾವಿನ ಕಡೆಗೆ ನಡೆಸುತ್ತದೆ. ಹೊಗಳಿಕೆಗೆ ಸೋಲುವುದಿಲ್ಲವೆಂಬ ಹೊಗಳಿಕೆಗೆ ಸೀಸರ್ ಸೋಲುತ್ತಾನೆಂದು ಇದೇ ಡೀಸಿಯಸ್ ಹಿಂದಿನ ರಾತ್ರಿ ಲೆಕ್ಕ ಹಾಕಿದ್ದ.

ಫೋರಮಿನ ಎರಡು ಭಾಷಣಗಳು

ಮೂರನೆಯ ಅಂಕದ ಎರಡನೆಯ ದೃಶ್ಯ ಭಾಷಣಕಲೆಯ ಅಧ್ಯಯನಕ್ಕೆ ಜಗತ್ತಿನಾದ್ಯಂತ ಬಳಕೆಯಾಗುವ ಪಠ್ಯ. ಶೇಕ್ಸ್‌ಪಿಯರನ ಕಾಲದ ಗ್ರಾಮರ್ ಶಾಲೆಗಳಲ್ಲಿ ಸಿಸೆರೊ, ಕ್ವಿಂಟಿಲಿಯನ್ ಮುಂತಾದವರ ಆಧಾರದಲ್ಲಿ ವಾಕ್ಕಲೆಯನ್ನು ಶಿಸ್ತಿನಿಂದ ಕಲಿಸುತ್ತಿದ್ದರು. ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ವಾದಿಸುವುದು ಹುಡುಗರ ನಿತ್ಯದ ಅಭ್ಯಾಸವಾಗಿತ್ತು. ಮಾತುಗಾರನ ಶೀಲ, ವಾದದ ತರ್ಕ, ಕೇಳುಗರ ಭಾವ ಎಂದು ಅರಿಸ್ಟಾಟಲ್ ಗುರುತಿಸಿದ ಮೂರು ಬಲಗಳೂ ಈ ದೃಶ್ಯದಲ್ಲಿ ಎದುರುಬದುರಾಗುತ್ತವೆ.

ಮೊದಲು ಮಾತಾಡುವವನು ಬ್ರೂಟಸ್. ಅವನದು ಗದ್ಯ: ಸಮತೂಕದ, ಚಿಕ್ಕ ಚಿಕ್ಕ, ತಕ್ಕಡಿಯಲ್ಲಿಟ್ಟಂತಹ ವಾಕ್ಯಗಳು. ಬ್ರೂಟಸ್ ಗ್ರೀಕಿನಲ್ಲಿ ಬರೆದ ಪತ್ರಗಳು ಸ್ಪಾರ್ಟಾದವರಂತೆ ಬಿಗಿಯಾಗಿದ್ದವೆಂದು ಪ್ಲುಟಾರ್ಕ್ ಹೇಳಿದ್ದ ಮಾತು ಈ ಶೈಲಿಗೆ ಬೀಜವಾಗಿರಬಹುದು. ಅವನು ತನ್ನ ಗೌರವವನ್ನೇ ಸಾಕ್ಷಿಯಾಗಿ ಮುಂದಿಟ್ಟು, ಸೀಸರನ ಮೇಲಿನ ಪ್ರೀತಿಗಿಂತ ರೋಮಿನ ಮೇಲಿನ ಪ್ರೀತಿ ದೊಡ್ಡದೆಂದು ಹೇಳುತ್ತಾನೆ. ಗುಲಾಮನಾಗಲು ಬಯಸುವ ನೀಚ ಯಾರಿದ್ದೀರಿ ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಯಾರು ತಾನೆ ಕೈ ಎತ್ತುತ್ತಾರೆ? ಸೀಸರ್ ಅಧಿಕಾರದಾಹಿಯಾಗಿದ್ದ ಎಂಬುದಕ್ಕೆ ಒಂದೇ ಒಂದು ನಿದರ್ಶನವನ್ನೂ ಅವನು ಕೊಡುವುದಿಲ್ಲ. ಜನ ಮೆಚ್ಚಿ ಕೂಗುತ್ತಾರೆ, ಅವನಿಗೊಂದು ವಿಗ್ರಹ ನಿಲ್ಲಿಸೋಣ, ಅವನೇ ಸೀಸರನಾಗಲಿ ಎನ್ನುತ್ತಾರೆ. ಯಾವುದನ್ನು ಇಲ್ಲವಾಗಿಸಲು ಕೊಲೆ ಮಾಡಿದನೋ ಅದನ್ನೇ ಅವನ ತಲೆಗೆ ಕಟ್ಟಲು ಜನ ಸಿದ್ಧರಾಗಿರುವುದನ್ನು ಬ್ರೂಟಸ್ ಗಮನಿಸುವುದಿಲ್ಲ. ಆಂಟನಿಯ ಮಾತು ಕೇಳಿರೆಂದು ಹೇಳಿ ವೇದಿಕೆ ಇಳಿದು ಹೊರಟೇ ಹೋಗುತ್ತಾನೆ.

ಆಂಟನಿಗೆ ಷರತ್ತುಗಳಿವೆ: ಪಿತೂರಿಗಾರರನ್ನು ದೂಷಿಸುವಂತಿಲ್ಲ, ಅವರ ಅನುಮತಿಯಿಂದ ಮಾತಾಡುತ್ತಿರುವೆನೆಂದು ಹೇಳಬೇಕು. ಈ ಕಟ್ಟುಪಾಡನ್ನೇ ಅವನು ಆಯುಧ ಮಾಡಿಕೊಳ್ಳುತ್ತಾನೆ. ಬ್ರೂಟಸ್ ಗೌರವಾನ್ವಿತನೆಂದು ಮೊದಲ ಸಲ ಹೇಳಿದಾಗ ಅದು ಮರ್ಯಾದೆ. ಸೀಸರ್ ಬೊಕ್ಕಸಕ್ಕೆ ತಂದ ಒತ್ತೆಹಣ, ಬಡವರಿಗಾಗಿ ಸುರಿಸಿದ ಕಣ್ಣೀರು, ಮೂರು ಸಲ ನಿರಾಕರಿಸಿದ ಕಿರೀಟ, ಹೀಗೆ ಒಂದೊಂದು ನಿದರ್ಶನದ ನಂತರ ಅದೇ ವಿಶೇಷಣ ಮರಳಿದಾಗ ಮರ್ಯಾದೆ ಕರಗಿ ಆರೋಪವಾಗುತ್ತದೆ. ಕೊನೆಗೆ ಜನರೇ ಅವರನ್ನು ದ್ರೋಹಿಗಳೆಂದು ಕೂಗುತ್ತಾರೆ. ಆ ಪದವನ್ನು ಮೊದಲು ಆಡುವವನು ಆಂಟನಿಯಲ್ಲ, ಗುಂಪಿನ ಒಬ್ಬ ಸಾಮಾನ್ಯ ಪ್ರಜೆ. ಕೇಳುಗ ತಾನೇ ಕಂಡುಕೊಂಡೆನೆಂದು ಭಾವಿಸುವ ತೀರ್ಮಾನಕ್ಕಿಂತ ಬಲವಾದ ತೀರ್ಮಾನವಿಲ್ಲವೆಂಬುದು ಆಂಟನಿಗೆ ಗೊತ್ತಿದೆ.

ಮಾತಿನ ಜೊತೆಗೆ ಅವನು ಮೌನವನ್ನೂ ವಸ್ತುಗಳನ್ನೂ ಬಳಸುತ್ತಾನೆ. ದುಃಖ ಉಕ್ಕಿದಂತೆ ನಡುವೆ ನಿಲ್ಲುತ್ತಾನೆ. ಆ ಬಿಡುವಿನಲ್ಲಿ ಜನ ತಮ್ಮತಮ್ಮಲ್ಲೇ ಚರ್ಚಿಸಿ ಅವನ ಕಡೆ ವಾಲುತ್ತಾರೆ. ಉಯಿಲನ್ನು ತೋರಿಸಿ, ಓದುವುದಿಲ್ಲ ಎಂದು ಅದರ ಮೇಲಿನ ಆಸೆಯನ್ನು ಬೆಳೆಸುತ್ತಾನೆ. ವೇದಿಕೆಯಿಂದಿಳಿದು ಶವದ ಸುತ್ತ ಜನರನ್ನು ನಿಲ್ಲಿಸುತ್ತಾನೆ. ಆಮೇಲೆ ಸೀಸರನ ಮೇಲಂಗಿಯನ್ನು ಎತ್ತಿ ಹಿಡಿದು, ನರ್ವಿಯರೆಂಬ ಬುಡಕಟ್ಟಿನವರನ್ನು ಗೆದ್ದ ಸಂಜೆ ಅವನು ಇದನ್ನು ಮೊದಲು ತೊಟ್ಟದ್ದು ತನಗೆ ನೆನಪಿದೆಯೆನ್ನುತ್ತಾನೆ. ಈ ತೂತು ಕ್ಯಾಸಿಯಸ್‌ನದು, ಇದು ಕಾಸ್ಕನದು, ಇದು ಬ್ರೂಟಸ್‌ನದು ಎಂದು ಬೆರಳಿಟ್ಟು ತೋರಿಸುತ್ತಾನೆ. ಕೊಲೆ ನಡೆದಾಗ ಆಂಟನಿ ಅಲ್ಲಿರಲೇ ಇಲ್ಲ. ಟ್ರೆಬೋನಿಯಸ್ ಅವನನ್ನು ಉಪಾಯವಾಗಿ ಹೊರಗೆ ಕರೆದೊಯ್ದಿದ್ದ. ಯಾವ ತೂತು ಯಾರದೆಂದು ಅವನಿಗೆ ತಿಳಿಯಲು ಸಾಧ್ಯವಿಲ್ಲ. ಇತಿಹಾಸ ನೋಡಿದರೆ, ನರ್ವಿಯರ ಮೇಲಿನ ಕ್ರಿ.ಪೂ. 57ರ ಯುದ್ಧದ ಹೊತ್ತಿಗೆ ಅವನು ಇನ್ನೂ ಸೀಸರನ ಪಡೆ ಸೇರಿರಲಿಲ್ಲ. ಕಣ್ಣೆದುರಿನ ಬಟ್ಟೆ ನಿಜ, ರಕ್ತ ನಿಜ. ಅವುಗಳಿಗೆ ಅಂಟಿಸಿದ ಕಥೆ ಕಟ್ಟಿದ್ದು. ತಾನು ಭಾಷಣ ಬಾರದ ಸರಳ ಮನುಷ್ಯನೆಂದು ಅವನು ಹೇಳಿಕೊಳ್ಳುವುದು ಇದರ ತರುವಾಯ.

ಕೊನೆಯಲ್ಲಿ ಉಯಿಲು ಹೊರಬರುತ್ತದೆ: ಪ್ರತಿಯೊಬ್ಬ ರೋಮನ್ನನಿಗೆ 75 ದ್ರಾಕ್ಮಾ, ಟೈಬರ್ ದಡದ ತೋಟಗಳು ಸಾರ್ವಜನಿಕರಿಗೆ. ಜನ ಬೆಂಕಿ ಹಿಡಿದು ಓಡುತ್ತಾರೆ. ಮುಂದಿನ ಅಂಕದ ಮೊದಲಲ್ಲೇ ಆಂಟನಿ ಲೆಪಿಡಸ್‌ನನ್ನು ಕಳಿಸಿ ಅದೇ ಉಯಿಲನ್ನು ತರಿಸುತ್ತಾನೆ. ಅದರಲ್ಲಿನ ದಾನದ ಹೊರೆಯನ್ನು ಎಷ್ಟು ಕಡಿಮೆ ಮಾಡಬಹುದೆಂದು ನೋಡುವುದು ಅವನ ಉದ್ದೇಶ. ಅದೇ ಮೇಜಿನ ಮುಂದೆ ಕೊಲ್ಲಬೇಕಾದವರ ಪಟ್ಟಿ ತಯಾರಾಗುತ್ತದೆ. ಲೆಪಿಡಸ್ ತನ್ನ ಸಹೋದರನನ್ನೂ ಆಂಟನಿ ತನ್ನ ಸೋದರಿಯ ಮಗನನ್ನೂ ಬಿಟ್ಟುಕೊಡುತ್ತಾರೆ. ಸೀಸರನಿಗೆ ನಿಷ್ಠನಾಗಿದ್ದವನು ಸೀಸರನ ಜನರಿಗೆ ದ್ರೋಹ ಬಗೆಯುವುದನ್ನು ಪ್ರೇಕ್ಷಕ ಮಾತ್ರ ನೋಡುತ್ತಾನೆ. ಫೋರಮಿನಲ್ಲಿ ಕಣ್ಣೀರಿಟ್ಟವರಿಗೆ ಅದು ತಿಳಿಯುವುದೇ ಇಲ್ಲ.

ಜನಸಮೂಹ

ನಾಟಕ ಆರಂಭವಾಗುವುದೇ ಜನರೊಂದಿಗೆ. ಹಿಂದೆ ಪಾಂಪೆಗೆ ಜೈಕಾರ ಹಾಕಿದವರು ಈಗ ಅವನ ಮಕ್ಕಳನ್ನು ಗೆದ್ದವನಿಗೆ ಹಾಕುತ್ತಿದ್ದಾರೆಂದು ಜನಪ್ರತಿನಿಧಿಗಳಾದ ಟ್ರಿಬ್ಯೂನರು ಗದರಿಸುತ್ತಾರೆ. ಗುಂಪು ತಲೆತಗ್ಗಿಸಿ ಚದುರುತ್ತದೆ. ಆಂಟನಿಯ ಭಾಷಣದ ಬೆನ್ನಿಗೆ ಬರುವ ದೃಶ್ಯದಲ್ಲಿ ಇದೇ ಗುಂಪು ಸಿನ್ನಾ ಎಂಬ ಕವಿಯನ್ನು ಹಿಡಿಯುತ್ತದೆ. ತಾನು ಪಿತೂರಿಗಾರ ಸಿನ್ನಾ ಅಲ್ಲ, ಕವಿ ಸಿನ್ನಾ ಎಂದು ಅವನು ಹೇಳಿದರೂ ಬಿಡುವುದಿಲ್ಲ. ಹೆಸರಿಗಾಗಿ, ಬರೆದ ಕೆಟ್ಟ ಪದ್ಯಗಳಿಗಾಗಿ ಅವನನ್ನು ಸೀಳುತ್ತದೆ. ಭಾಷಣ ಎಬ್ಬಿಸಿದ ರೋಷಕ್ಕೆ ವಿವೇಚನೆ ಇರುವುದಿಲ್ಲವೆಂಬುದನ್ನು ಈ ಪುಟ್ಟ ದೃಶ್ಯ ಯಾವ ಉಪದೇಶವೂ ಇಲ್ಲದೆ ಮನಗಾಣಿಸುತ್ತದೆ. ಶೇಕ್ಸ್‌ಪಿಯರ್ ಜನರನ್ನು ಹೀಗಳೆದಿದ್ದಾನೆ ಎಂಬ ಆಕ್ಷೇಪವಿದೆ. ಆದರೆ ನಾಟಕದಲ್ಲಿ ಮಾತಿಗೆ ಮರುಳಾಗುವವರು ದುಡಿಮೆಗಾರರಷ್ಟೇ ಅಲ್ಲ. ಬ್ರೂಟಸ್‌ನಂಥ ತತ್ತ್ವಜ್ಞಾನಿ, ಸೀಸರನಂಥ ದಂಡನಾಯಕ ಅವರಿಗಿಂತ ಮೊದಲೇ ಮರುಳಾಗಿದ್ದಾರೆ.

ವಿಮರ್ಶೆ

ಬ್ರೂಟಸ್ ದ್ರೋಹಿಯೇ, ದೇಶಭಕ್ತನೇ ಎಂಬ ವಾದ ಶೇಕ್ಸ್‌ಪಿಯರನಿಗಿಂತ ಹಳೆಯದು. ಇಟಲಿಯ ಮಹಾಕವಿ ದಾಂತೆ ಬ್ರೂಟಸ್, ಕ್ಯಾಸಿಯಸ್ ಇಬ್ಬರನ್ನೂ ಯೇಸುವನ್ನು ಹಿಡಿದುಕೊಟ್ಟ ಯೂದನ ಜೊತೆ ನರಕದ ತಳದಲ್ಲಿಟ್ಟ. ಪ್ಲುಟಾರ್ಕ್ ಬ್ರೂಟಸ್‌ನ ಶೀಲವನ್ನು ಕೊಂಡಾಡಿದ್ದ. ಶೇಕ್ಸ್‌ಪಿಯರ್ ಎರಡನ್ನೂ ಒಂದೇ ಎದೆಯಲ್ಲಿ ಇಟ್ಟ. ಆಧುನಿಕ ವಿಮರ್ಶಕ ಅರ್ನೆಸ್ಟ್ ಶಾಂಜರ್ 1963ರ ತನ್ನ ಗ್ರಂಥದಲ್ಲಿ ಇದನ್ನು ಸಮಸ್ಯಾನಾಟಕಗಳ ಸಾಲಿಗೆ ಸೇರಿಸಿದ್ದು ಇದೇ ಕಾರಣಕ್ಕೆ: ಪ್ರೇಕ್ಷಕ ಯಾವುದೇ ಒಂದು ಪಕ್ಷದಲ್ಲಿ ನೆಮ್ಮದಿಯಾಗಿ ನಿಲ್ಲಲಾರ. ಯುದ್ಧಕ್ಕೆ ಮುನ್ನ ಸಾರ್ಡಿಸ್‌ನ ಸೇನಾ ಬಿಡಾರದಲ್ಲಿ ಕ್ಯಾಸಿಯಸ್ ಲಂಚಕೋರನೆಂದು ಜರೆಯುವ ಬ್ರೂಟಸ್, ಅದೇ ಉಸಿರಿನಲ್ಲಿ ತನ್ನ ಸೈನಿಕರ ಸಂಬಳಕ್ಕೆ ಅವನಿಂದ ಹಣ ಬರಲಿಲ್ಲವೆಂದು ಸಿಟ್ಟಾಗುತ್ತಾನೆ. ತನ್ನ ಕೈ ಶುದ್ಧವಾಗಿರಬೇಕು, ಬೇಕಾದದ್ದು ಬೇರೆಯವರ ಕೈಯಿಂದ ಬರಬೇಕು ಎಂಬ ಈ ಮನೋಭಾವ ಅವನ ದುರಂತದ ಬೇರು.

ರಂಗಭೂಮಿ ಮತ್ತು ಚಲನಚಿತ್ರ

ನಾಟಕದ ಪ್ರಯೋಗಗಳಿಗೂ ರಾಜಕೀಯಕ್ಕೂ ನಂಟು ಬಿಟ್ಟಿಲ್ಲ. 1864ರ ನವೆಂಬರ್ 25ರಂದು ನ್ಯೂಯಾರ್ಕಿನ ವಿಂಟರ್ ಗಾರ್ಡನ್ ರಂಗಮಂದಿರದಲ್ಲಿ ನಟರಾದ ಮೂವರು ಬೂತ್ ಸಹೋದರರು ಒಟ್ಟಾಗಿ ಅಭಿನಯಿಸಿದರು: ಎಡ್ವಿನ್ ಬ್ರೂಟಸ್, ಜೂನಿಯಸ್ ಕ್ಯಾಸಿಯಸ್, ಜಾನ್ ವಿಲ್ಕ್ಸ್ ಮಾರ್ಕ್ ಆಂಟನಿ. ಐದು ತಿಂಗಳು ತುಂಬುವ ಮೊದಲೇ, 1865ರ ಏಪ್ರಿಲ್ 14ರಂದು, ಜಾನ್ ವಿಲ್ಕ್ಸ್ ಬೂತ್ ಅಧ್ಯಕ್ಷ ಅಬ್ರಹಾಂ ಲಿಂಕನ್‌ಗೆ ಗುಂಡಿಕ್ಕಿದ. ಆರ್ಸನ್ ವೆಲ್ಸ್ 1937ರಲ್ಲಿ ನ್ಯೂಯಾರ್ಕಿನಲ್ಲಿ ಆಧುನಿಕ ಉಡುಪಿನಲ್ಲಿ, ಫ್ಯಾಸಿಸ್ಟ್ ಯುರೋಪನ್ನು ನೆನಪಿಸುವಂತೆ ನಾಟಕವನ್ನು ಆಡಿಸಿದ. ಸಿನ್ನಾ ಕವಿಯ ದೃಶ್ಯ ಅಲ್ಲಿ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿತು. ಜೋಸೆಫ್ ಮ್ಯಾಂಕಿವಿಜ್ ನಿರ್ದೇಶಿಸಿದ 1953ರ ಚಿತ್ರದಲ್ಲಿ ಮಾರ್ಲನ್ ಬ್ರಾಂಡೊ ಆಂಟನಿಯಾಗಿ, ಜೇಮ್ಸ್ ಮೇಸನ್ ಬ್ರೂಟಸ್ ಆಗಿ, ಜಾನ್ ಗೀಲ್‌ಗುಡ್ ಕ್ಯಾಸಿಯಸ್ ಆಗಿ ನಟಿಸಿದರು. ತಾವಿಯಾನಿ ಸಹೋದರರು ರೋಮಿನ ರೆಬಿಬಿಯಾ ಸೆರೆಮನೆಯ ಕೈದಿಗಳಿಂದ ಈ ನಾಟಕ ಆಡಿಸಿ ತೆಗೆದ ಚಿತ್ರ 2012ರಲ್ಲಿ ಬರ್ಲಿನ್ ಚಿತ್ರೋತ್ಸವದ ಸುವರ್ಣ ಕರಡಿ ಪ್ರಶಸ್ತಿ ಪಡೆಯಿತು.

ಆಫ್ರಿಕಾದಲ್ಲಿ ಈ ಕೃತಿಗೆ ಬೇರೆಯೇ ಬದುಕಿದೆ. ತಾಂಜಾನಿಯಾದ ನಾಯಕ ಜೂಲಿಯಸ್ ನ್ಯೆರೆರೆ ಇದನ್ನು ಸ್ವಾಹಿಲಿಗೆ ಅನುವಾದಿಸಿ, ಅಧಿಕಾರದಲ್ಲಿದ್ದಾಗಲೇ 1963ರಲ್ಲಿ ಪ್ರಕಟಿಸಿದರು. ದಕ್ಷಿಣ ಆಫ್ರಿಕಾದ ರಾಬನ್ ದ್ವೀಪದ ಸೆರೆಮನೆಯಲ್ಲಿ ದೀಪಾವಳಿಯ ಶುಭಾಶಯ ಪತ್ರಗಳ ಹೊದಿಕೆಯಡಿ ಗುಟ್ಟಾಗಿ ಉಳಿದಿದ್ದ ಶೇಕ್ಸ್‌ಪಿಯರ್ ಸಂಪುಟದಲ್ಲಿ ಕೈದಿಗಳು ತಮಗೆ ಪ್ರಿಯವಾದ ಭಾಗದ ಪಕ್ಕ ಸಹಿ ಹಾಕಿದರು. ನೆಲ್ಸನ್ ಮಂಡೇಲಾ 1977ರ ಡಿಸೆಂಬರ್ 16ರಂದು ಸಹಿ ಹಾಕಿದ್ದು ಈ ನಾಟಕದಲ್ಲಿ ಸೀಸರ್ ಸಾವಿನ ಭಯವನ್ನು ಕುರಿತು ಆಡುವ ಮಾತಿನ ಬಳಿ.

ಭಾರತ ಮತ್ತು ಕನ್ನಡ

ಭಾರತದಲ್ಲಿ ಇಂಗ್ಲಿಷ್ ಶಿಕ್ಷಣದ ಮೂಲಕ ಬಂದ ಈ ನಾಟಕ ಶಾಲಾ ಕಾಲೇಜುಗಳ ಪಠ್ಯವಾಗಿ ನೆಲೆಯೂರಿತು. ಆಂಟನಿಯ ಭಾಷಣವನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ತಲೆಮಾರುಗಳ ವಿದ್ಯಾರ್ಥಿಗಳ ಅನುಭವ. ಕನ್ನಡದ ರಾಜಕೀಯ ಬರಹದಲ್ಲಿ ಬ್ರೂಟಸ್ ಎಂಬ ಹೆಸರು ನಂಬಿಕೆದ್ರೋಹದ ಸಂಕೇತವಾಗಿ ನಿಂತಿದೆ. ನಾಟಕದ ಬ್ರೂಟಸ್ ಆ ಸಂಕೇತಕ್ಕಿಂತ ಬಹಳ ದೊಡ್ಡವನು.

ಕನ್ನಡದ ಸ್ವಂತ ರಾಜಕೀಯ ರುದ್ರನಾಟಕವಾದ ಗಿರೀಶ ಕಾರ್ನಾಡರ ‘ತುಘಲಕ್’ (1964) ಜೊತೆಗಿಟ್ಟು ಓದಿದರೆ ಎರಡರ ಅರ್ಥವೂ ವಿಸ್ತಾರವಾಗುತ್ತದೆ. ಅಲ್ಲಿಯೂ ಅಮೀರರು ಸುಲ್ತಾನನನ್ನು ಕೊಲ್ಲಲು ಸಂಚು ಹೂಡುತ್ತಾರೆ, ಪ್ರಾರ್ಥನೆಯ ಹೊತ್ತನ್ನೇ ಅದಕ್ಕೆ ಆರಿಸುತ್ತಾರೆ. ಆದರೆ ಸುಲ್ತಾನ ಅವರಿಗಿಂತ ಒಂದು ಹೆಜ್ಜೆ ಮುಂದಿದ್ದಾನೆ. ತನ್ನನ್ನು ಖಂಡಿಸುವ ಶೇಖ್ ಇಮಾಮುದ್ದೀನನಿಗೆ ತುಘಲಕನೇ ಸಭೆ ಏರ್ಪಡಿಸುತ್ತಾನೆ, ಸೈನಿಕರಿಂದ ಜನರನ್ನು ಮನೆಗಳಲ್ಲೇ ತಡೆದು ನಿಲ್ಲಿಸುತ್ತಾನೆ. ಬ್ರೂಟಸ್ ಎದುರಾಳಿಗೆ ವೇದಿಕೆಯನ್ನೂ ಕೇಳುಗರನ್ನೂ ಕೊಟ್ಟು ಸೋತ; ತುಘಲಕ ವೇದಿಕೆ ಕೊಟ್ಟು ಕೇಳುಗರನ್ನು ಕಸಿದು ಗೆದ್ದ. ಮಾತಿನ ಬಲ ಕೇಳುವವರಲ್ಲಿದೆ ಎಂಬುದನ್ನು ಎರಡು ನಾಟಕಗಳೂ ಎದುರುಬದುರು ದಿಕ್ಕಿನಿಂದ ಸಾಧಿಸುತ್ತವೆ.

ಸ್ಥಾನ

ಜೂಲಿಯಸ್ ಸೀಸರ್ ನಾಟಕವನ್ನು ಭಾಷಣಕಲೆಯ ವಿರುದ್ಧದ ಎಚ್ಚರಿಕೆಯೆಂದು ಮಾತ್ರ ಓದುವುದು ಅದನ್ನು ಕಿರಿದುಮಾಡಿದಂತೆ. ಮಾತಿಲ್ಲದೆ ಗಣರಾಜ್ಯವಿಲ್ಲ, ಬ್ರೂಟಸ್ ಕಾಪಾಡಲು ಹೊರಟ ರೋಮ್ ಸಭೆಯಲ್ಲಿ ಮಾತಾಡಿ ನಿರ್ಧರಿಸುವ ರೋಮ್. ಆ ಮಾತಿಗೆ ಸಾಕ್ಷ್ಯದ ಹಂಗು ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಶೇಕ್ಸ್‌ಪಿಯರ್ ತೋಟದ ಸ್ವಗತದಿಂದ ಹಿಡಿದು ಮೇಲಂಗಿಯ ತೂತುಗಳವರೆಗೆ ಹಂತ ಹಂತವಾಗಿ ಕಾಣಿಸುತ್ತಾನೆ. ಸೀಸರ್ ಮಾಡಿದ್ದೇನು ಎಂದು ಬ್ರೂಟಸ್ ತನ್ನನ್ನು ಕೇಳಿಕೊಳ್ಳಲಿಲ್ಲ. ಕೊಲೆಯಾದಾಗ ನೀನೆಲ್ಲಿದ್ದೆ ಎಂದು ಜನ ಆಂಟನಿಯನ್ನು ಕೇಳಲಿಲ್ಲ. ಈ ಎರಡು ಪ್ರಶ್ನೆಗಳನ್ನು ರಂಗದ ಮೇಲೆ ಯಾರೂ ಕೇಳದೆ ಬಿಟ್ಟದ್ದರಿಂದ ಅವನ್ನು ಕೇಳುವ ಹೊಣೆ ಪ್ರೇಕ್ಷಕನದಾಗುತ್ತದೆ. ಚುನಾವಣೆ, ಸಭೆ, ಭಾಷಣಗಳಿಂದ ತನ್ನನ್ನು ತಾನು ಆಳಿಕೊಳ್ಳುವ ಪ್ರತಿಯೊಂದು ಸಮಾಜಕ್ಕೂ ಈ ನಾಟಕ ಇಂದಿಗೂ ಬೇಕಾಗಿರುವುದು ಅದರಿಂದಲೇ.